ಕೊತ್ತಂಬರಿ ಬೀಜದ ಸದ್ದು

ಡಬ್ಬಿ ಬಗ್ಗಿಸಿದರೆ ಮಾಲ್ಟು
ಜೋನಿಬೆಲ್ಲದ ತಮ್ಮನ ಹಾಗೆ
ಮೈಮುರಿಯುತ್ತಾ ಇಳಿಯುತ್ತದೆ, ಅವಸರವಿಲ್ಲ.
ಒಲೆ ಆರಿಸಿಯೇ ಸುರಿಯಬೇಕು.
ಆರಿಸದೆ ಸುರಿದು, ತಳ ಹತ್ತಿ,
ಕಳೆದ ಸಲ ಇಪ್ಪತ್ತು ಲೀಟರ್
ಮತ್ತೀಕೆರೆಯ ಮೋರಿಗೆ ಕುಡಿಸಿದ್ದೆ.

ಹಗಲು ಡೈರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು
ಯಾವ ಕ್ಯಾನಿನಲ್ಲಿ ಎಷ್ಟು ಕೊಳಾಯಿ ಎಂದು ಹಿಡಿಯುವವನು.
ರಾತ್ರಿ ಅದೇ ಕೈ, ಅದರ ದಾಯಾದಿ ಗಾಜಿನ ಕಡ್ಡಿ,
ಕಣ್ಣು ಕಿರಿದು ಮಾಡಿ ಓದುತ್ತೇನೆ:
ಸಾವಿರದ ನಲವತ್ತೆಂಟು.
ಇಲ್ಲಿ ನೀರು ಬೆರೆಸಿದ ಕಳ್ಳ ನಾನೇ,
ಮೂರು ದಿನಕ್ಕೊಮ್ಮೆ ಬರುವ ಕಾವೇರಿ.

ಹಾಪ್ಸ್ ಗುಳಿಗೆ, ಥೇಟ್ ಕೋಳಿ ಮೇವು.
ಒಂದನ್ನು ನಾಲಿಗೆಗಿಟ್ಟು ಅತ್ತಿಗೆ ಮುಖ ಕಿವುಚಿದಳು.
"ಬೆಲ್ಲಾನೂ ಇದೆ ಬೇವೂ ಇದೆ,
ಹಬ್ಬ ಆಗಿ ಹದಿನೈದು ದಿನ ಆಯ್ತಲ್ಲೋ."

ಚೂಡಾಮಣಿ ಅತ್ತಿಗೆ. ಕೆಳಗಿನ ಮಿಲ್ಲು ಅವಳದು.
ಬಿಸಿಲು ಏರಿತೆಂದರೆ ಬ್ಯಾಡಗಿ, ಗುಂಟೂರು, ಹುರಿದ ದನಿಯಾ
ಸ್ಟೀಲ್ ಡಬ್ಬಿಗಳಲ್ಲಿ ಹೊತ್ತ ಹೆಂಗಸರ ಸಾಲು.
ಬೆಲ್ಟು ತಿರುಗಿದರೆ ಇಡೀ ಬೀದಿ ಸೀನುತ್ತದೆ.
ಅವಳು ಸೀನುವುದಿಲ್ಲ. ಮೊದಲೂ ಸೀನುತ್ತಿರಲಿಲ್ಲ,
ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ
ಆ ಜ್ವರದ ವರ್ಷ ಅವಳ ಮೂಗು ಹೋದದ್ದು.
ಅಣ್ಣ ಹೋದದ್ದು ಎಲ್ಲರಿಗೂ ಗೊತ್ತಾಯಿತು.

ಉಪ್ಪು ಹುಳಿ ಸಿಹಿ ಕಹಿ, ಇಷ್ಟು ನಾಲಿಗೆ ಹೇಳುತ್ತದೆ.
ಸಾರಿನ ಪುಡಿಗೆ ಹೆಸರಾದವಳು ಈಗ
ಸೀದದ್ದನ್ನು ಗಿರಾಕಿಯ ಮುಖ ನೋಡಿ ತಿಳಿಯುತ್ತಾಳೆ.

ಬಾಣಲೆಯಲ್ಲಿ ನಾಲ್ಕು ಚಮಚ ಕೊತ್ತಂಬರಿ ಬೀಜ.
"ಘಮ ಬಂದಾಗ ಇಳಿಸಬೇಕಂತೆ," ಅಂದುಬಿಟ್ಟೆ.
ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.
ಅವಳು ಸೌಟು ಕಿತ್ತುಕೊಂಡಳು, ಕಣ್ಣು ಮುಚ್ಚಿದಳು.
"ಮೊದಲು ಚಿಟಿಚಿಟಿ ಅನ್ನತ್ತೆ, ಶೀಟಿನ ಮೇಲೆ ಹನಿ ಬಿದ್ದ ಹಾಗೆ.
ಆಮೇಲೆ ಸುಮ್ಮನಾಗತ್ತೆ.
ಆ ಸುಮ್ಮನಾಗೋದಕ್ಕಿಂತ ಒಂಚೂರು ಮುಂಚೆ. ಈಗ. ಆರ್ಸು."

ಕಿತ್ತಳೆ ಸಿಪ್ಪೆಯ ಬಿಳಿಯನ್ನು ಉಗುರಲ್ಲೇ ಕೆರೆದಳು.
ಏಲಕ್ಕಿ ಎರಡು. ಮೂರಾದರೆ ಪಾಯಸ ಎಂದಳು.

ಹೊರಗೆ ಮೂವತ್ತಾರು ಡಿಗ್ರಿ, ಯೀಸ್ಟಿಗೆ ಇಪ್ಪತ್ತು ಬೇಕು.
ಮೆಟ್ಟಿಲ ಕೆಳಗೆ ಬಕೆಟ್ಟು, ಬಕೆಟ್ಟಿಗೆ ಒದ್ದೆ ಗೋಣಿಚೀಲ,
ಮಿಲ್ಲಿಂದ ಮೇಲೆ ಬಂದಾಗೆಲ್ಲ ಅವಳೊಂದು ಚೊಂಬು ನೀರು ಹುಯ್ಯುತ್ತಾಳೆ,
"ಬಾಣಂತಿಗೂ ಇಷ್ಟು ಮಾಡಿಲ್ಲ" ಎಂದು ಗೊಣಗುತ್ತಾ.
ಎರಡನೇ ರಾತ್ರಿ ಕರೆಂಟು ಹೋಗಿ ಫ್ಯಾನು ನಿಂತಾಗ
ಕತ್ತಲಲ್ಲಿ ಗುಳುಕ್.
ಸ್ವಲ್ಪ ಬಿಟ್ಟು ಇನ್ನೊಂದು ಗುಳುಕ್.
ಬೆಳಿಗ್ಗೆ ಹೇಳಿದಳು, ಮುನ್ನೂರರವರೆಗೆ ಎಣಿಸಿದೆ.

ಬಾಟಲಿ ಎಲ್ಲಿಂದ ತರುವುದು ಎಂದು ನಾನು ರದ್ದಿ ಅಂಗಡಿ ಸುತ್ತುತ್ತಿದ್ದರೆ
ಅವಳು ಅಟ್ಟ ಹತ್ತಿ ಇಳಿಸಿದಳು, ಮೂವತ್ತೆರಡು.
ನೀರಿನ ಟ್ಯಾಂಕಿನ ಹಿಂದೆ, ಹಳೇ ಹಾಸಿಗೆಯೊಳಗೆ
ಅಣ್ಣ ಬಚ್ಚಿಟ್ಟಿದ್ದ ಖಾಲಿಗಳು.
ಬದುಕಿದ್ದಾಗ ಕಂಡಿದ್ದರೆ ಮೂವತ್ತೆರಡು ಜಗಳ.
ಕುದಿನೀರು, ಬ್ರಶ್ಶು. ಲೇಬಲ್ಲನ್ನು ನೆನೆಸಿ ನೆನೆಸಿ
ನಿಧಾನ ಬಿಡಿಸಿದಳು, ಹರಿಯದ ಹಾಗೆ.
ಎಸೆದಳೋ ಇಟ್ಟುಕೊಂಡಳೋ ನೋಡಲಿಲ್ಲ.

ಅರ್ಧರ್ಧ ಚಮಚ ಸಕ್ಕರೆ, ಮುಚ್ಚಳ, ಎರಡು ವಾರ.
ಒಂದಕ್ಕೆ ಎರಡು ಸಲ ಹಾಕಿದ್ದೆನೇನೋ,
ಒಂಬತ್ತನೇ ದಿನ ನಡುರಾತ್ರಿ ಢಮಾರ್.
ಎದುರು ಮನೆಯ ರಂಗಧಾಮಯ್ಯ ಟಾರ್ಚು ಹಿಡಿದು ಓಡಿಬಂದರು.
ಗಾಜು ಗುಡಿಸುತ್ತಾ ಅತ್ತಿಗೆ ನಕ್ಕಳು, ಬಹಳ ದಿನದ ಮೇಲೆ:
"ಅವರ ಬುದ್ಧೀನೇ ಇದು. ಒಳಗೊಳಗೇ ಇಟ್ಕೊಂಡು..."

ತಾರಸಿ. ಭಾನುವಾರದ ಸಂಜೆ. ಒಣಗಿ ಉಳಿದ ಮೆಣಸಿನಕಾಯಿ ತೊಟ್ಟು.
ಲೋಟದಲ್ಲಿ ಮಬ್ಬು ಹಳದಿ, ಮೇಲೆ ಹಾಲಿನಂಥ ನೊರೆ.
ಮೂಗಿಗೆ ಹಿಡಿದಳು. ನಾನು ಬೇರೆಲ್ಲೋ ನೋಡಿದೆ,
ಯಶವಂತಪುರದ ಕಡೆ ಒಂದು ರೈಲು ಕೂಗಿತು.
"ಏನಾದ್ರೂ?"
"ಇಲ್ಲ."

ಆಮೇಲೆ ಲೋಟವನ್ನು ಕಿವಿಗೆ ಹಿಡಿದಳು,
ನೊರೆ ಒಡೆಯುವುದನ್ನು ತುಂಬ ಹೊತ್ತು ಕೇಳಿದಳು.
ಒಂದು ಗುಟುಕು. ಇನ್ನೊಂದು.
"ಮುಂದಿನ ಸಲ," ಎಂದಳು,
"ಬೀಜ ಇನ್ನೊಂದು ಅರೆ ನಿಮಿಷ ಹುರೀಬಹುದು."